ಇಬ್ಬರು ಹುಡುಗರ ಪ್ರೇಮಕಥೆ, ನಗುನಗುತ್ತಾ: ಸಣ್ಣ ಬಜೆಟ್ಟಿನಲ್ಲಿ ಕನ್ನಡದ ಗೇ ರೊಮ್ಯಾಂಟಿಕ್ ಕಾಮಿಡಿ ತೆಗೆಯುವ ಬಗೆ

ಕನ್ನಡದಲ್ಲಿ ‘ಅವರು’ ಅಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ‘ಬರ್ತಾನೆ’ ಅಂದರೆ ಗುಟ್ಟು ರಟ್ಟು, ‘ಬರ್ತಾಳೆ’ ಅಂದರೆ ಸುಳ್ಳು, ‘ಬರ್ತಾರೆ’ ಅಂದರೆ ಬಚಾವು. ತಾವು ಗೇ ಅಂತ ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಸಾವಿರಾರು ಹುಡುಗರು ದಿನಾ ಈ ಬಹುವಚನದ ಮರೆಯಲ್ಲೇ ಮಾತಾಡುತ್ತಾರೆ. ಕನ್ನಡದಲ್ಲಿ ಗೇ ರೊಮ್ಯಾಂಟಿಕ್ ಕಾಮಿಡಿ ಬರೆಯಲು ಕೂತವರು ಮೊದಲು ಕೈಹಾಕಬೇಕಾದದ್ದು ಇಂಥ ಜಾಗಕ್ಕೆ. ಒಂದು ತುಣುಕು ನೋಡಿ:

— ಭಾನುವಾರ ಯಾರ ಜೊತೆ ಹೋಗಿದ್ದೆ?
— ಆಫೀಸಿನವರು. ಅವರೇ ಕರ್ಕೊಂಡು ಹೋದ್ರು.
— ನಿನ್ನ ವಯಸ್ಸಿನವರೇ ಅಂದೆ ಮೊನ್ನೆ. ಆರು ತಿಂಗಳಿಂದ ‘ಅವರು ಬಂದ್ರು, ಅವರು ಹೋದ್ರು’. ನಿಮ್ಮಪ್ಪಂಗೂ ಇಷ್ಟು ಮರ್ಯಾದೆ ಕೊಟ್ಟಿಲ್ವಲ್ಲೋ ನೀನು!

ಇಲ್ಲಿ ನಗು ಬರುವುದು ಹುಡುಗ ಗೇ ಅನ್ನುವ ಕಾರಣಕ್ಕಲ್ಲ, ಅಮ್ಮನ ಕಿವಿ ಚುರುಕು ಅನ್ನುವ ಕಾರಣಕ್ಕೆ. ಇದೇ ಎಳೆಯನ್ನು ಕೊನೆಯ ತನಕ ಹಿಡಿದುಕೊಂಡು ಹೋಗಿ. ಚಿತ್ರದ ಕೊನೆಯ ಭಾಗದಲ್ಲಿ ಅಮ್ಮ ಅಡುಗೆಮನೆಯಿಂದಲೇ ‘ಅವನಿಗೂ ಒಂದು ತಟ್ಟೆ ಹಾಕು’ ಅಂದರೆ ಸಾಕು, ಅತ್ತು ಕರೆದು ಒಪ್ಪಿಕೊಳ್ಳುವ ಐದು ನಿಮಿಷದ ದೃಶ್ಯ ಬೇಕಾಗುವುದಿಲ್ಲ.

ಕಥೆಗೆ ಅಡ್ಡಿ ಯಾವುದು?

ರೊಮ್ಯಾಂಟಿಕ್ ಕಾಮಿಡಿ ನಿಲ್ಲುವುದು ಒಂದು ಅಡ್ಡಿಯ ಮೇಲೆ. ಇಬ್ಬರಿಗೂ ಪರಸ್ಪರ ಬೇಕು, ನಡುವೆ ಏನೋ ಅಡ್ಡ ಬರುತ್ತದೆ. ಆ ಅಡ್ಡಿ ‘ಸಮಾಜ’ ಅಂತ ಬರೆದುಕೊಂಡರೆ ಕಥೆ ಎರಡನೇ ಅರ್ಧಕ್ಕೆ ಬರುವಷ್ಟರಲ್ಲಿ ದುರಂತದ ಕಡೆ ವಾಲುತ್ತದೆ, ನಗು ಬತ್ತಿಹೋಗುತ್ತದೆ. ಅಡ್ಡಿ ಸಣ್ಣದಿರಲಿ, ಕಣ್ಣಿಗೆ ಕಾಣುವಂತಿರಲಿ, ದಿನಾ ಎದುರಾಗುವಂತಿರಲಿ. ಬೆಂಗಳೂರಿನ ಬಾಡಿಗೆ ಮನೆಯನ್ನೇ ತೆಗೆದುಕೊಳ್ಳಿ. ‘ಹುಡುಗೀರು ಬರಂಗಿಲ್ಲ’ ಎಂದು ಕಟ್ಟುನಿಟ್ಟು ಮಾಡುವ ಓನರ್ ಆಂಟಿಗೆ ಮಹಡಿ ಮೇಲಿನ ಇಬ್ಬರು ಹುಡುಗರು ಬಲು ಇಷ್ಟ, ಏಕೆಂದರೆ ಒಂದು ವರ್ಷದಿಂದ ಒಬ್ಬ ಹುಡುಗಿಯೂ ಮೆಟ್ಟಿಲು ಹತ್ತಿಲ್ಲ. ಆಂಟಿ ತನ್ನ ಅಕ್ಕನ ಮಗಳಿಗೆ ಇಬ್ಬರಲ್ಲಿ ಒಬ್ಬನನ್ನು ಗೊತ್ತು ಮಾಡಲು ಹೊರಟರೆ ಅಡ್ಡಿ ತಾನಾಗಿಯೇ ಹುಟ್ಟಿತು. ಇಲ್ಲಿ ಯಾರೂ ಕೆಟ್ಟವರಲ್ಲ, ಆದರೂ ಎಲ್ಲರೂ ಇಕ್ಕಟ್ಟಿನಲ್ಲಿದ್ದಾರೆ.

ಕಾನೂನಿನ ಎರಡು ತಾರೀಖು ಬರೆಯುವ ಮೇಜಿನ ಮೇಲಿರಲಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ಕಥೆ ಅದಕ್ಕಿಂತ ಹಿಂದಿನದಾದರೆ ಪೊಲೀಸರ ಭಯ, ಬ್ಲ್ಯಾಕ್‌ಮೇಲಿನ ಭಯ ಪಾತ್ರಗಳ ನಡೆಯಲ್ಲಿ ಇರಲೇಬೇಕು. 2023ರ ಅಕ್ಟೋಬರ್ 17ರ ತೀರ್ಪು ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಕೊಡಲಿಲ್ಲ. ಹಾಗಾಗಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಶುಭಂ ಅನ್ನುವ ಮುಕ್ತಾಯ ಇಲ್ಲಿ ನಂಬುವಂತಿರುವುದಿಲ್ಲ. ಹೂವಿನ ಹಾರ, ನೆಂಟರಿಷ್ಟರು, ಊಟ ಎಲ್ಲ ಇರುವ ಸಮಾರಂಭ ಮಾಡಬಹುದು, ಕಾಗದ ಮಾತ್ರ ಸಿಗದು. ಅದರ ಬದಲು ಇನ್ನೊಂದು ದಾರಿಯಿದೆ. ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲವೆಂದು ಕೇಂದ್ರ ಸರ್ಕಾರ 2024ರಲ್ಲಿ ಸ್ಪಷ್ಟಪಡಿಸಿತು. ಬ್ಯಾಂಕಿನ ಕೌಂಟರಿನಲ್ಲಿ ನಾಮಿನೇಶನ್ ಫಾರಂ, ಅದರಲ್ಲಿ ‘ಸಂಬಂಧ’ ಎಂಬ ಖಾಲಿ ಜಾಗ, ಪೆನ್ನು ಹಿಡಿದು ನಿಂತ ಇಬ್ಬರು. ನಮ್ಮ ಮನೆಗಳಲ್ಲಿ ‘ಸಂಬಂಧ ನೋಡ್ತಿದೀವಿ’ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಆ ಒಂದು ಪದದಲ್ಲೇ ಒಂದು ಕ್ಲೈಮ್ಯಾಕ್ಸ್ ಇದೆ.

ಪದಗಳ ಬಗ್ಗೆ ಇನ್ನೊಂದು ಮಾತು. ‘ಸಲಿಂಗಕಾಮಿ’ ಪತ್ರಿಕೆಯ ಪದ, ಅದರಲ್ಲಿ ಕಾಮ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಪಾತ್ರಗಳ ಬಾಯಲ್ಲಿ ‘ಗೇ’ ಸಹಜ; ಕನ್ನಡದ್ದೇ ಬೇಕೆಂದರೆ ‘ಸಲಿಂಗಪ್ರೇಮಿ’ ಇದೆ. ಹಾಗೆಯೇ ‘ಮಗಾ’ ಪದವನ್ನು ಜೋಪಾನವಾಗಿ ಬಳಸಿ. ಓರಗೆಯ ಇಬ್ಬರು ಹುಡುಗರು ಮೊದಲ ದಿನವೇ ಮಗಾ, ಗುರು ಅಂದುಕೊಳ್ಳುತ್ತಾರೆ. ಅಂದ ಕೂಡಲೇ ಅದು ದೋಸ್ತಿಯಾಗಿಬಿಡುತ್ತದೆ. ಇಬ್ಬರಲ್ಲಿ ಒಬ್ಬ ಹಠಾತ್ತನೆ ಮಗಾ ಅನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆದಾಗ ಪ್ರೇಕ್ಷಕರಿಗೆ ಗೊತ್ತಾಗಬೇಕು, ಏನೋ ಬದಲಾಯಿತು ಅಂತ.

ಒಂದು ಪುಟ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷ್ ಸ್ಕ್ರಿಪ್ಟಿನ ಅಚ್ಚಿಗೆ ಹೊಂದಿಸಿದ್ದು, ಕನ್ನಡದ ಟೈಪಿಂಗಿಗೆ ಕೂಡಿಬರುವುದಿಲ್ಲ. ಇಡೀ ಚಿತ್ರಕಥೆಯನ್ನು ಗಟ್ಟಿಯಾಗಿ ಓದಿಸಿ, ಸ್ಟಾಪ್‌ವಾಚ್ ಹಿಡಿದು ದೃಶ್ಯ ದೃಶ್ಯವಾಗಿ ಬರೆದುಕೊಳ್ಳಿ, ಬಂದ ಒಟ್ಟು ಸಮಯಕ್ಕೆ ಅದರ ಐದನೇ ಒಂದು ಭಾಗ ಸೇರಿಸಿ. 90 ನಿಮಿಷ ದಾಟಿದರೆ ಈಗಲೇ ಕತ್ತರಿಸಿ. ಕಾಗದದಲ್ಲಿ ಕತ್ತರಿಸುವುದಕ್ಕೆ ದುಡ್ಡು ಬೀಳುವುದಿಲ್ಲ.

ಜೋಡಿಯನ್ನು ಹುಡುಕುವುದು

ಈ ಚಿತ್ರ ಗೆಲ್ಲುವುದೂ ಸೋಲುವುದೂ ಇಲ್ಲೇ. ಇಬ್ಬರು ಒಳ್ಳೆಯ ನಟರನ್ನು ಬೇರೆ ಬೇರೆಯಾಗಿ ಆರಿಸಿ ಆಮೇಲೆ ಕೂಡಿಸುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಕೊನೆಯ ಸುತ್ತಿಗೆ ಆರು ಜನ ಉಳಿದರೆ ಅವರನ್ನು ಅದಲು ಬದಲು ಮಾಡಿ ಜೋಡಿಯಾಗಿಯೇ ಆಡಿಶನ್ ಮಾಡಿ. ಡೈಲಾಗ್ ಕೊಡಬೇಡಿ. ಒಂದು ಡಬಲ್ ಬೆಡ್‌ಶೀಟ್ ಕೊಟ್ಟು ಇಬ್ಬರೂ ಸೇರಿ ಮಡಚಲು ಹೇಳಿ, ಎರಡು ನಿಮಿಷ ಕ್ಯಾಮೆರಾ ಓಡಲಿ. ಯಾರು ಯಾರ ಕಣ್ಣು ನೋಡುತ್ತಾರೆ, ತಪ್ಪಾದಾಗ ಯಾರು ಮೊದಲು ನಗುತ್ತಾರೆ, ಕೈ ತಗುಲಿದಾಗ ಮೈ ಬಿಗಿಯುತ್ತದೋ ಇಲ್ಲವೋ, ಎಲ್ಲವೂ ಅದರಲ್ಲಿ ಕಾಣುತ್ತದೆ. ರೆಕಾರ್ಡಿಂಗನ್ನು ಸದ್ದಿಲ್ಲದೆ ನೋಡಿ ನಿರ್ಧರಿಸಿ.

ನಟನ ಲೈಂಗಿಕತೆಯನ್ನು ಆಡಿಶನ್ನಿನಲ್ಲಿ ಕೇಳಬಾರದು. ಎಲ್‌ಜಿಬಿಟಿ ಸಮುದಾಯದ ನಟರಿಗೆ ಆದ್ಯತೆ ಎಂದು ಪ್ರಕಟಣೆಯಲ್ಲೇ ಬರೆಯಿರಿ, ಬರುವವರು ಬರುತ್ತಾರೆ. ಬರವಣಿಗೆಯ ತಂಡದಲ್ಲಂತೂ ಸಮುದಾಯದವರು ಇರಲೇಬೇಕು, ಸಂಬಳ ಕೊಟ್ಟು. ‘ಒಂದ್ಸಲ ಓದಿ ನೋಡಿ’ ಅನ್ನುವ ಪುಕ್ಕಟೆ ಕೆಲಸ ಆಗಬಾರದು.

ಶೂಟಿಂಗಿಗೆ ಮೊದಲು ಹತ್ತು ದಿನ, ದಿನಕ್ಕೆ ಮೂರು ಗಂಟೆ, ಈ ಇಬ್ಬರಿಗೆ ರಿಹರ್ಸಲ್ ಇಡಿ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಬೇಕಾದರೆ ಡ್ರೋನ್ ಬಿಡಿ, ಒಂದು ಲೊಕೇಶನ್ ಬಿಡಿ, ಈ ಮೂವತ್ತು ಗಂಟೆ ಬಿಡಬೇಡಿ.

ಮುತ್ತಿನ ದೃಶ್ಯ

ನಿಕಟ ದೃಶ್ಯವನ್ನು ಹೊಡೆದಾಟದ ದೃಶ್ಯದಂತೆ ಎಣಿಕೆ ಹಾಕಿ ಕಟ್ಟಬೇಕು. ಯಾವ ಕೈ ಎಲ್ಲಿಂದ ಎಲ್ಲಿಗೆ, ಎಷ್ಟು ಎಣಿಸುವ ತನಕ, ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಬರೆದು ಇಬ್ಬರಿಗೂ ಕೊಡಿ, ಸಹಿ ಮಾಡಿಸಿ. ಆ ದಿನ ಬೆಳಿಗ್ಗೆ ಒಬ್ಬ ಬೇಡ ಅಂದರೆ ಆ ದೃಶ್ಯ ಇಲ್ಲ. ಅದಕ್ಕಾಗಿ ಒಂದು ಬದಲಿ ದೃಶ್ಯ ಮೊದಲೇ ಬರೆದಿಟ್ಟುಕೊಳ್ಳಿ. ಸೆಟ್ಟಿನಲ್ಲಿ ನಿರ್ದೇಶಕ, ಛಾಯಾಗ್ರಾಹಕ, ಧ್ವನಿಯವರು, ಇಂಟಿಮಸಿ ಕೋಆರ್ಡಿನೇಟರ್ (ನಿಕಟ ದೃಶ್ಯದಲ್ಲಿ ನಟರ ಒಪ್ಪಿಗೆ, ಸುರಕ್ಷತೆ ನೋಡಿಕೊಳ್ಳುವವರು) ಬಿಟ್ಟು ಬೇರೆ ಯಾರೂ ಇರಬಾರದು. ಎಲ್ಲರ ಮೊಬೈಲು ಹೊರಗಿನ ಡಬ್ಬದಲ್ಲಿ.

ಇನ್ನೊಂದು ವಿಷಯವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ: ಗಡ್ಡ. ಶೇವ್ ಮಾಡಿ ಒಂದೆರಡು ದಿನವಾದ ಗಡ್ಡ ಮರಳು ಕಾಗದದ ಹಾಗೆ. ಇಬ್ಬರಿಗೂ ಅಂಥ ಗಡ್ಡವಿದ್ದರೆ ಕೆಲವೇ ಟೇಕಿನಲ್ಲಿ ತುಟಿಯ ಸುತ್ತ, ಗಲ್ಲದ ಮೇಲೆ ಕೆಂಪು ಏಳುತ್ತದೆ. ಕ್ಲೋಸಪ್ಪಿನಲ್ಲಿ ಅದು ಕಾಣುತ್ತದೆ, ಮೇಕಪ್ ಹಚ್ಚಿದರೆ ಮುಂದಿನ ಟೇಕಿನಲ್ಲಿ ಇನ್ನೊಬ್ಬನ ಮುಖಕ್ಕೆ ಅಂಟುತ್ತದೆ. ಅದಕ್ಕೇ ಒಬ್ಬನಾದರೂ ಅಂದು ಬೆಳಿಗ್ಗೆ ನುಣ್ಣಗೆ ಶೇವ್ ಮಾಡಿರಲಿ, ಇಲ್ಲವೇ ಇಬ್ಬರಿಗೂ ಎರಡು ಮೂರು ವಾರದ ಮೆತ್ತನೆಯ ಗಡ್ಡವಿರಲಿ. ಮುತ್ತಿನ ಶಾಟ್ ಆ ದಿನದ ಕೊನೆಯದಾಗಿರಲಿ, ಐದು ಟೇಕಿಗೆ ನಿಲ್ಲಿಸಿ. ಒಂದು ಶಾಟಿನಿಂದ ಇನ್ನೊಂದಕ್ಕೆ ಎಲ್ಲ ಹೊಂದುವಂತೆ ಬರೆದಿಡುವ ಕಂಟಿನ್ಯುಟಿ ಪುಸ್ತಕದಲ್ಲಿ ‘ಗಡ್ಡ ಇದೆ’ ಅಂತ ಬರೆದರೆ ಉಪಯೋಗವಿಲ್ಲ, ಟ್ರಿಮ್ಮರಿನ ನಂಬರ್ ಬರೆಯಿರಿ: 3 ಮಿಲಿಮೀಟರ್, 5 ಮಿಲಿಮೀಟರ್, ಕೊನೆಯದಾಗಿ ಓಡಿಸಿದ ತಾರೀಖು.

ದುಡ್ಡು, ದಿನ, ಜಾಗ

90 ನಿಮಿಷದ ಚಿತ್ರಕ್ಕೆ 15 ದಿನದ ಶೂಟಿಂಗ್ ಅಂದರೆ ದಿನಕ್ಕೆ ಆರು ನಿಮಿಷ. ಮುಕ್ಕಾಲು ಪಾಲು ಒಳಾಂಗಣ, ಒಟ್ಟು ಐದಾರು ಜಾಗ, ಹದಿನೈದು ಜನರ ತಂಡ ಇದ್ದರೆ ಇದು ಆಗುವ ಕೆಲಸ. ದಿನಕ್ಕೆ ಹನ್ನೆರಡು ಗಂಟೆ ಮೀರಬೇಡಿ. ದಣಿದ ನಟನ ಮುಖದಲ್ಲಿ ಕಾಮಿಡಿಯ ಟೈಮಿಂಗ್ ಮೊದಲು ಸಾಯುತ್ತದೆ. ನೂರು ರೂಪಾಯಿಯನ್ನು ಹೀಗೆ ಹಂಚಬಹುದು: ಜನರ ಸಂಬಳಕ್ಕೆ 25, ಧ್ವನಿಗೆ (ರೆಕಾರ್ಡಿಂಗ್, ಮಿಕ್ಸಿಂಗ್ ಸೇರಿ) 20, ಕ್ಯಾಮೆರಾ ಮತ್ತು ಲೈಟಿಗೆ 15, ಊಟ, ಓಡಾಟ, ಜಾಗದ ಬಾಡಿಗೆಗೆ 15, ಎಡಿಟಿಂಗಿನಿಂದ ಉತ್ಸವದ ಶುಲ್ಕದ ತನಕ 15, ಮುಟ್ಟದೆ ಇಡಬೇಕಾದದ್ದು 10. ಧ್ವನಿಗೆ ಕ್ಯಾಮೆರಾಕ್ಕಿಂತ ಹೆಚ್ಚು ಇಟ್ಟಿರುವುದು ಬೇಕೆಂದೇ. ಸ್ವಲ್ಪ ಮಬ್ಬು ಚಿತ್ರವನ್ನು ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಜೋಕು ಇಲ್ಲ.

ಜಾಗದ ಮಾಲೀಕರಿಗೆ ಕಥೆ ಏನೆಂದು ಮೊದಲೇ ಹೇಳಿ, ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ‘ಇಬ್ಬರು ಫ್ರೆಂಡ್ಸ್ ಕಥೆ’ ಅಂತ ತೇಲಿಸಿದರೆ ಎರಡನೇ ದಿನ ಮಾನಿಟರ್ ನೋಡಿ ಹೊರಗೆ ಹಾಕುತ್ತಾರೆ, ಅರ್ಧ ದೃಶ್ಯ ಕೈಯಲ್ಲಿ ಉಳಿಯುತ್ತದೆ. ಇಲ್ಲ ಅನ್ನುವವರು ಮೊದಲೇ ಇಲ್ಲ ಅನ್ನಲಿ. ತಂಡದಲ್ಲಿ, ಹಿನ್ನೆಲೆಯ ಕಲಾವಿದರಲ್ಲಿ ಮನೆಯಲ್ಲಿ ಹೇಳಿಕೊಳ್ಳದವರು ಇದ್ದೇ ಇರುತ್ತಾರೆ. ಸೆಟ್ಟಿನ ಫೋಟೋ ಯಾರೂ ಹಾಕಬಾರದು, ತಂಡಕ್ಕೆ ದಿನಾ ಹಂಚುವ ಕಾಲ್‌ಶೀಟಿನಲ್ಲಿ ಬೇರೆ ಹೆಸರಿನ ವರ್ಕಿಂಗ್ ಟೈಟಲ್ ಇರಲಿ, ಟೈಟಲ್ ಕಾರ್ಡಿನಲ್ಲಿ ಯಾವ ಹೆಸರು ಬೇಕೆಂದು ಪ್ರತಿಯೊಬ್ಬರನ್ನೂ ಕೇಳಿ ಬರೆಸಿಕೊಳ್ಳಿ.

ನಾಯಕನಿಗೆ ಒಂದು ನಾಯಿ ಇದ್ದರೆ ಚೆನ್ನ ಅನ್ನಿಸುತ್ತದೆ. ಶೂಟಿಂಗಿಗೆ ಮುಂಚೆಯೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ತೆಗೆದುಕೊಳ್ಳದಿದ್ದರೆ ಸೆನ್ಸಾರಿನ ಹೊತ್ತಿಗೆ ಆ ನಾಯಿ ನಿಮ್ಮನ್ನು ಕಾಡುತ್ತದೆ. ಸಿಗರೇಟೂ ಅಷ್ಟೇ. ಒಂದು ದಮ್ ಎಳೆದರೂ ಶುರುವಿನಲ್ಲಿ, ನಡುವಿನಲ್ಲಿ ಆರೋಗ್ಯ ಎಚ್ಚರಿಕೆಯ ತುಣುಕು ಹಾಕಬೇಕು, ಆ ದೃಶ್ಯದ ಕೆಳಗೆ ಎಚ್ಚರಿಕೆಯ ಸಾಲು ಬರಬೇಕು. ಪ್ರೇಮದ ದೃಶ್ಯದ ಕೆಳಗೆ ಅದು ಓಡುತ್ತಿದ್ದರೆ ಚೆನ್ನಾಗಿರುವುದಿಲ್ಲ. ಕಥೆಗೆ ಬೇಡವೆಂದರೆ ಬರೆಯಲೇಬೇಡಿ.

ದರ್ಶಿನಿಯಲ್ಲಿ ಬೈಟೂ ಕಾಫಿ

ಒಂದು ದೃಶ್ಯವನ್ನು ಬಿಡಿಸಿ ನೋಡೋಣ. ದರ್ಶಿನಿಯ ನಿಂತು ತಿನ್ನುವ ಮೇಜು, ಒಂದು ಕಾಫಿ ಎರಡು ಲೋಟ. ಒಬ್ಬ ತನ್ನ ಲೋಟದಿಂದ ಇನ್ನೊಬ್ಬನಿಗೆ ಒಂದು ಗುಟುಕು ಹೆಚ್ಚು ಬಗ್ಗಿಸುತ್ತಾನೆ. ಸುತ್ತಲಿನ ಯಾರಿಗೂ ಏನೂ ಅನ್ನಿಸುವುದಿಲ್ಲ, ಪ್ರೇಕ್ಷಕರಿಗೆ ಮಾತ್ರ ಗೊತ್ತಾಗುತ್ತದೆ.

ವ್ಯಾಪಾರದ ಹೊತ್ತಿನಲ್ಲಿ ಇದನ್ನು ತೆಗೆಯಲಾಗದು. ತಟ್ಟೆ ಸದ್ದು, ಗ್ರೈಂಡರ್, ಟೋಕನ್ ಕೂಗು ಎಲ್ಲ ಸೇರಿ ಮಾತು ಮುಳುಗುತ್ತದೆ. ಅಂಗಡಿ ಮುಚ್ಚಿದ ಮೇಲೆ ನಾಲ್ಕು ಗಂಟೆಗೆ ಬಾಡಿಗೆಗೆ ಹಿಡಿಯಿರಿ. ಫ್ರಿಜ್, ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ. ಕಾರಿನ ಕೀ ಫ್ರಿಜ್ಜಿನೊಳಗೇ ಇಡಿ, ಹೋಗುವಾಗ ಮತ್ತೆ ಆನ್ ಮಾಡಲು ಮರೆಯುವುದಿಲ್ಲ. ಹಿನ್ನೆಲೆಯವರು ಮಾತಾಡಿದ ಹಾಗೆ ಬಾಯಿ ಆಡಿಸಲಿ, ಸದ್ದು ಬೇಡ. ದರ್ಶಿನಿಯ ಗದ್ದಲವನ್ನು ಬೆಳಿಗ್ಗೆ ಎಂಟರ ಹೊತ್ತಿಗೆ ಬೇರೆಯಾಗಿ ಹತ್ತು ನಿಮಿಷ ರೆಕಾರ್ಡ್ ಮಾಡಿ ಆಮೇಲೆ ಕೆಳಗೆ ಹಾಸಿ. ದೃಶ್ಯ ಮುಗಿದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಖಾಲಿ ಜಾಗದ ಸದ್ದನ್ನೂ ತೆಗೆದುಕೊಳ್ಳಿ.

ಟ್ಯೂಬ್‌ಲೈಟಿನ ಮಿಣುಕು ತಪ್ಪಿಸಲು ಸೆಕೆಂಡಿಗೆ 24 ಫ್ರೇಮ್ ಇಟ್ಟು ಶಟರನ್ನು ಸೆಕೆಂಡಿನ 1/50ಕ್ಕೆ (ಕೋನದ ಲೆಕ್ಕದಲ್ಲಿ 172.8 ಡಿಗ್ರಿ) ತನ್ನಿ, ಏಕೆಂದರೆ ನಮ್ಮ ವಿದ್ಯುತ್ 50 ಹರ್ಟ್ಜ್. ಮೊದಲು ಇಬ್ಬರೂ ಒಟ್ಟಿಗೆ ಕಾಣುವ ಶಾಟ್, ಇಡೀ ದೃಶ್ಯ ಒಂದೇ ಓಟಕ್ಕೆ. ಇಲ್ಲಿ ನಗು ಇರುವುದು ಒಬ್ಬನ ಮಾತಿನಲ್ಲಲ್ಲ, ಅದನ್ನು ಕೇಳುತ್ತಿರುವ ಇನ್ನೊಬ್ಬನ ಮುಖದಲ್ಲಿ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟರೆ ಪ್ರೇಕ್ಷಕರೇ ನೋಡಿಕೊಳ್ಳುತ್ತಾರೆ, ಕತ್ತರಿಸಿ ತೋರಿಸುವ ಅಗತ್ಯವಿಲ್ಲ. ಎತ್ತರದಲ್ಲಿ ತುಂಬಾ ವ್ಯತ್ಯಾಸವಿದ್ದರೆ ಗಿಡ್ಡನೆಯವನ ಕಾಲ ಕೆಳಗೆ ಮರದ ಪೆಟ್ಟಿಗೆ. ಮಾತು ಮುಗಿದರೂ ಐದು ಸೆಕೆಂಡ್ ಕಟ್ ಹೇಳಬೇಡಿ; ಎಡಿಟಿಂಗಿನಲ್ಲಿ ಬೇಕಾಗುವುದು ಆ ಐದು ಸೆಕೆಂಡಿನ ಮುಖವೇ.

ಕಾಫಿ ತಣ್ಣಗಾದರೆ ಹಬೆ ಹೋಗುತ್ತದೆ, ಕೆನೆ ಕಟ್ಟುತ್ತದೆ. ಪ್ರತಿ ಟೇಕಿಗೂ ಹೊಸ ಕಾಫಿ. ಇಪ್ಪತ್ತು ಟೇಕಿಗೆ ಆಗುವಷ್ಟು ಹಾಲು, ಡಿಕಾಕ್ಷನ್ ಇಟ್ಟುಕೊಳ್ಳಿ. ಲೋಟದ ಒಳಗೆ ಎಷ್ಟು ಬೆರಳು ಕಾಫಿ ಇತ್ತು ಎಂದು ಪ್ರತಿ ಡೈಲಾಗಿಗೂ ಫೋಟೋ ಹೊಡೆದಿಡಿ. ನಟರು ನಿಜವಾಗಿ ಕುಡಿಯದೆ ತುಟಿಗೆ ತಾಗಿಸಿದರೆ ಸಾಕು, ಇಪ್ಪತ್ತು ಟೇಕಿನ ಕಾಫಿ ಕುಡಿದವನ ಕೈ ನಡುಗುತ್ತದೆ.

ಸ್ಕೂಟರ್ ಮೇಲಿನ ದೃಶ್ಯದಲ್ಲಿ ಕಷ್ಟ ಬೇರೆ. ಹಿಂದೆ ಕೂತವನಿಗೂ ಹೆಲ್ಮೆಟ್ ಕಡ್ಡಾಯ, ಮುಖ ಕಾಣುವುದಿಲ್ಲ. ಓಡುವಾಗ ದೂರದ ಶಾಟ್ ಸಾಕು, ಮಾತೆಲ್ಲ ಸಿಗ್ನಲ್ಲಿನಲ್ಲಿ ನಿಂತಾಗ. ಕಾಲರ್ ಮೈಕನ್ನು ಹೆಲ್ಮೆಟ್ಟಿನ ಒಳಗೆ, ಹಣೆಯ ಸ್ಪಂಜಿನ ಹತ್ತಿರ ಅಂಟಿಸಿದರೆ ಗಾಳಿ ಹೊಡೆಯುವುದಿಲ್ಲ. ಬಾಯಿ ಕಾಣದ ಕಾರಣ ಡಬ್ಬಿಂಗ್ ಸುಲಭ, ಅದು ಲಾಭ.

ಫೂಟೇಜನ್ನು ಕಾಪಾಡುವ ಲೆಕ್ಕ ಮೊದಲೇ ಹಾಕಿ. ಒಂದು ನಿಮಿಷಕ್ಕೆ ಹತ್ತು ನಿಮಿಷ ತೆಗೆದರೆ 90 ನಿಮಿಷದ ಚಿತ್ರಕ್ಕೆ 15 ಗಂಟೆ. ಅಲ್ಟ್ರಾ ಎಚ್‌ಡಿಯಲ್ಲಿ ಪ್ರೊರೆಸ್ 422 ಎಂಬ ವಿಡಿಯೋ ಫಾರ್ಮ್ಯಾಟಿಗೆ ಗಂಟೆಗೆ ಸುಮಾರು 212 ಜಿಬಿ, ಒಟ್ಟು 3.2 ಟಿಬಿ. ಮೂರು ಪ್ರತಿ ಬೇಕು, ಒಂದು ಬೇರೆ ಮನೆಯಲ್ಲಿರಬೇಕು. ಎರಡು ಪ್ರತಿ ಆಗಿ, ತೆರೆದು ನೋಡಿದ ಮೇಲೆಯೇ ಕಾರ್ಡ್ ಅಳಿಸಿ.

ಮೇಜಿನ ಮೇಲೆ

ಮೊದಲ ಕಟ್ ಆದಮೇಲೆ ಹನ್ನೆರಡು ಜನರಿಗೆ ತೋರಿಸಿ, ಅರ್ಧ ಜನ ಸಮುದಾಯದವರು, ಅರ್ಧ ಹೊರಗಿನವರು, ನಿಮ್ಮ ಗೆಳೆಯರು ಬೇಡ. ಅನುಮತಿ ಕೇಳಿ ಕೋಣೆಯ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಟೈಮ್‌ಲೈನಿನಲ್ಲಿ ಚಿತ್ರದ ಪಕ್ಕಕ್ಕೆ ಹಾಕಿ. ಎಲ್ಲಿ ನಕ್ಕರು, ಎಷ್ಟು ಹೊತ್ತು ನಕ್ಕರು, ಎಲ್ಲಿ ನಗಬೇಕಾದವರು ನಗಲಿಲ್ಲ, ಕಣ್ಣಿಗೆ ಕಾಣುತ್ತದೆ. ಮೂರು ಸೆಕೆಂಡ್ ನಗು ಬಂದ ಕಡೆ ಮುಂದಿನ ಮುಖ್ಯ ಮಾತು ಆ ಮೂರು ಸೆಕೆಂಡಿನೊಳಗೆ ಬಿದ್ದರೆ ಯಾರಿಗೂ ಕೇಳಿಸಿರುವುದಿಲ್ಲ. ಆಗ ಕೆಲಸಕ್ಕೆ ಬರುವುದು ಕಟ್ ಹೇಳದೆ ಉಳಿಸಿಕೊಂಡ ಮುಖಗಳು. ಹೊರಗಿನವರು ನಕ್ಕು ಸಮುದಾಯದವರು ಸುಮ್ಮನಿದ್ದ ಜಾಗವಿದ್ದರೆ ಅದನ್ನು ತೆಗೆದುಬಿಡಿ. ಅಲ್ಲಿ ಜನ ನಕ್ಕದ್ದು ಪಾತ್ರದ ಜೊತೆ ಸೇರಿ ಅಲ್ಲ, ಪಾತ್ರದ ಮೇಲೆ.

ಹಳೆಯ ಕನ್ನಡ ಹಾಡೊಂದನ್ನು ನಾಯಕ ಗುನುಗಿದರೂ ಹಕ್ಕು ಬೇಕು. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಹಿನ್ನೆಲೆಯಲ್ಲಿ ಕೇಳುವ ರಿಂಗ್‌ಟೋನಿಗೂ ಇದೇ ಮಾತು. ಎರಡು ಹೊಸ ಹಾಡು ಮಾಡಿಸಿ ಬರಹದಲ್ಲಿ ಹಕ್ಕು ಪಡೆಯುವುದೇ ಅಗ್ಗ.

ಸಬ್‌ಟೈಟಲ್ಲಿಗೆ ಒಂದು ಸಾಲಿಗೆ 42 ಅಕ್ಷರ, ಎರಡೇ ಸಾಲು, ಸೆಕೆಂಡಿಗೆ 17 ಅಕ್ಷರದ ಆಸುಪಾಸು. ಕಾಮಿಡಿಯಲ್ಲಿ ಪೀಠಿಕೆ ಒಂದು ಸಬ್‌ಟೈಟಲ್ಲಿನಲ್ಲಿ, ಪಂಚ್ ಇನ್ನೊಂದರಲ್ಲಿ ಬರಬೇಕು. ಎರಡೂ ಒಟ್ಟಿಗೆ ಬಂದರೆ ನಟ ಬಾಯಿ ತೆರೆಯುವ ಮೊದಲೇ ಸಭೆ ನಕ್ಕು ಮುಗಿಸಿರುತ್ತದೆ. ‘ಅವರು’ ಎಂಬುದನ್ನು ಇಂಗ್ಲಿಷಿನಲ್ಲಿ ‘ದೇ’ ಎಂದೇ ಇಡಿ. ಅಲ್ಲೂ ಗಂಡು ಹೆಣ್ಣು ಗೊತ್ತಾಗುವುದಿಲ್ಲ, ಗುಟ್ಟು ಉಳಿಯುತ್ತದೆ, ಕೊನೆಗೆ ಅಮ್ಮನ ‘ಅವನಿಗೂ’ ಬಂದಾಗ ‘ಹಿಮ್’ ಎಂದು ಬದಲಿಸಿದರೆ ಕನ್ನಡ ಬಾರದವರಿಗೂ ತಟ್ಟುತ್ತದೆ. ಅನುವಾದಕರಿಗೆ ಇದನ್ನು ಬರೆದು ಕೊಡದಿದ್ದರೆ ಮೊದಲ ದೃಶ್ಯದಲ್ಲೇ ‘ಹಿ’ ಅಂತ ಹಾಕಿ ಇಡೀ ಎಳೆಯನ್ನು ಕಳೆದಿರುತ್ತಾರೆ.

ಹೊರಗೆ ತರುವುದು

ಉತ್ಸವದ ದಾರಿ ಮೊದಲು. ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್, 2010ರಲ್ಲಿ ಶುರುವಾದ ಮುಂಬೈಯ ಕಶಿಶ್, ಹೊರಗೆ 1977ರಿಂದ ನಡೆಯುತ್ತಿರುವ ಸ್ಯಾನ್ ಫ್ರಾನ್ಸಿಸ್ಕೋದ ಫ್ರೇಮ್‌ಲೈನ್, ಲಂಡನ್ನಿನ ಬಿಎಫ್‌ಐ ಫ್ಲೇರ್. ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆಂದು ಕೇಳುವ ಉತ್ಸವಗಳಿವೆ, ಹಾಗಾಗಿ ಯಾವುದಕ್ಕೆ ಮೊದಲು ಎಂದು ತೀರ್ಮಾನಿಸಿಯೇ ಅರ್ಜಿ ಹಾಕಿ. ಯೂಟ್ಯೂಬಿಗೆ ಏರಿಸಿದ ಮೇಲೆ ಹೆಚ್ಚಿನ ಬಾಗಿಲು ಮುಚ್ಚುತ್ತವೆ. ಆಯ್ಕೆ ಸಮಿತಿಗೆ ಪಾಸ್‌ವರ್ಡ್ ಇರುವ ಲಿಂಕ್ ಮಾತ್ರ ಕಳಿಸಿ.

ಥಿಯೇಟರಿಗೆ ಹೋಗುವುದಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕು. 2024ರ ನಿಯಮಗಳಲ್ಲಿ ಯು, ಎ ನಡುವೆ ಯುಎ 7+, ಯುಎ 13+, ಯುಎ 16+ ಎಂಬ ಮೂರು ಹಂತಗಳಿವೆ. ಯಾವ ಹಂತ ಬೇಕೆಂದು ಚಿತ್ರಕಥೆಯಲ್ಲೇ ಯೋಚಿಸಿ, ಎ ಸಿಕ್ಕಿದ ಚಿತ್ರ ಹಾಗೇ ಟಿವಿಗೆ ಹೋಗಲಾರದು. ತೀರ್ಮಾನ ಒಪ್ಪದಿದ್ದರೆ ಮೊದಲು ಮರುಪರಿಶೀಲನಾ ಸಮಿತಿ, ಆಮೇಲೆ ಹೈಕೋರ್ಟ್; ಮೇಲ್ಮನವಿ ನ್ಯಾಯಮಂಡಳಿ 2021ರಲ್ಲೇ ರದ್ದಾಗಿದೆ. ಒಟಿಟಿಗೆ ಈ ಪ್ರಮಾಣಪತ್ರ ಬೇಡ, ಆದರೆ ನಟರಿಂದ ಹಿಡಿದು ಹಾಡಿನ ತನಕ ಎಲ್ಲರ ಸಹಿ ಮಾಡಿದ ಒಪ್ಪಂದ ಕೇಳುತ್ತಾರೆ. ಒಂದು ಕಾಗದ ಇಲ್ಲದಿದ್ದರೂ ಮಾತುಕತೆ ಅಲ್ಲೇ ನಿಲ್ಲುತ್ತದೆ.

ಥಿಯೇಟರಿನಲ್ಲಿ ಓಡಿಸಲು ಬೇಕಾದ ಡಿಜಿಟಲ್ ಪ್ರತಿಯನ್ನು (ಡಿಸಿಪಿ) ಡಿಸಿಪಿ-ಓ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ನೀವೇ ಮಾಡಬಹುದು: 2ಕೆ ಫ್ಲಾಟ್ ಆದರೆ 1998×1080, ಇನ್ನೂ ಅಗಲದ ಸ್ಕೋಪ್ ಆದರೆ 2048×858, ಎರಡಕ್ಕೂ 24 ಫ್ರೇಮ್. ಪ್ರದರ್ಶನದ ಹಿಂದಿನ ದಿನ ಹಾಲಿಗೆ ಹೋಗಿ ಹತ್ತು ನಿಮಿಷ ಓಡಿಸಿ. ಕನ್ನಡ ಅಕ್ಷರದ ಟೈಟಲ್‌ಗಳಲ್ಲಿ ಒತ್ತಕ್ಷರ ಒಡೆದಿದೆಯೇ, ಸಬ್‌ಟೈಟಲ್ ಪರದೆಯ ಕೆಳಗೆ ಕತ್ತರಿಸಿಹೋಗಿದೆಯೇ ನೋಡಿ. ಹಾಲಿನ ಧ್ವನಿ ಏರಿಸಿ ಇಳಿಸುವ ಫೇಡರ್ 7ರಲ್ಲಿ ಇರಬೇಕು ಎಂದು ಮಿಕ್ಸ್ ಮಾಡಿರುತ್ತಾರೆ, ಎಷ್ಟೋ ಹಾಲುಗಳಲ್ಲಿ ಅದು ಐದಕ್ಕೆ ಇಳಿದಿರುತ್ತದೆ. ಪ್ರೊಜೆಕ್ಷನ್ ರೂಮಿನವರ ಹತ್ತಿರ ನಿಂತು ಏಳಕ್ಕೆ ಏರಿಸಿ, ಕೊನೆಯ ಸಾಲಿನಲ್ಲಿ ಕೂತು ಕೇಳಿ. ತುಂಬಿದ ಸಭೆಯ ನಗುವಿನ ನಡುವೆಯೂ ಅಡುಗೆಮನೆಯಿಂದ ಬರುವ ಆ ‘ಅವನಿಗೂ’ ಅಲ್ಲಿಯ ತನಕ ಕೇಳಬೇಕು.